ಎಡ್ರಿಕ್‌ನ ಕಾರಿನ ಸ್ಪ್ರಿಂಗ್

ಗಾರ್ಥ್,

ನೀನು ತರಿಸಿದ ಹಿಂಬದಿಯ ಸ್ಪ್ರಿಂಗನ್ನು ನಮ್ಮ ಕಾರಿಗೆ ಹಾಕಬೇಡ. ಒಂದರ ಮೇಲೊಂದು ಜೋಡಿಸಿದ ಅದರ ಉಕ್ಕಿನ ಪಟ್ಟಿಗಳನ್ನು ಎಣಿಸಿದೆ, ಉದ್ದ ಅಳೆದೆ. ನಮ್ಮ ಹಳೇ ಎಂಜಿ ಕಾರಿಗೆ ಸರಿಹೊಂದುವಂಥದ್ದೇ. ಆದರೆ ಗ್ರೀಸ್ ಒರೆಸಿದಾಗ ಎರಡನೇ ಪಟ್ಟಿಯ ಮೇಲೆ ಅರದಿಂದ ಕೊರೆದ ಅಣ್ಣ ಎಡ್ರಿಕ್‌ನ ಹೆಸರು ಕಾಣಿಸಿತು. ಅವನು ತನ್ನ ಕಾರಿನ ಸ್ಪ್ರಿಂಗ್ ಮೇಲೆ ಅದನ್ನು ಕೊರೆಯುವಾಗ ಟಾರ್ಚ್ ಹಿಡಿದಿದ್ದವಳು ನಾನೇ. ಒರೆಸುವುದೇನೂ ಬೇಡ ಅಂದಿದ್ದೆಯಲ್ಲ, ನಿನ್ನ ಮಾತು ಕೇಳಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಎಡ್ರಿಕ್ ಆ ಕಾರಿನಲ್ಲಿ ಹೊರಟುಹೋಗಿ ಹನ್ನೊಂದು ವರ್ಷವಾಯಿತು. ಕಾರೂ ಸಿಕ್ಕಿಲ್ಲ, ಅವನೂ ಸಿಕ್ಕಿಲ್ಲ.

ಮಾರಿದವನಿಗೆ ಫೋನ್ ಮಾಡಿದೆ. ನನ್ನ ಹೆಸರು ಹೇಳದೆ, "ಈ ಸ್ಪ್ರಿಂಗ್ ಯಾವ ಕಾರಿಂದು?" ಎಂದಷ್ಟೇ ಕೇಳಿದೆ. ಅವನು "ಥೆಲ್ಮಾ ಅಲ್ವಾ? ನೀವು ಫೋನ್ ಮಾಡ್ತೀರಿ ಅಂತ ನಿಮ್ಮಣ್ಣ ಹೇಳಿದ್ದ" ಎಂದು ಫೋನ್ ಇಟ್ಟ.

ಮಾರಿದವನ ಊರು ವಿಟ್ಬಿಗೆ ಹೊರಟಿದ್ದೇನೆ. ಮೊದಲು ಪೊಲೀಸರ ಬಳಿ ಹೋಗಿ, ಅವರೊಂದಿಗೇ ಅವನ ಅಂಗಡಿಗೆ ಹೋಗುತ್ತೇನೆ, ಹೆದರಬೇಡ.

ಓವನ್‌ನಲ್ಲಿ ಪೈ ಇದೆ, ಅರ್ಧ ಅಮ್ಮನಿಗೆ ಕೊಡು. ಕೇಳಿದರೆ, ಸ್ಪ್ರಿಂಗ್ ಬದಲಾಯಿಸಲು ಹೋಗಿದ್ದಾಳೆ ಅನ್ನು.

ಯಾರಾದರೂ ಫೋನ್ ಮಾಡಿ ಮಾತಾಡದೇ ಇದ್ದರೆ ಇಟ್ಟುಬಿಡಬೇಡ. ಎಡ್ರಿಕ್ ಅಂತ ಕರೆ.

ಥೆಲ್ಮಾ