ಎಣ್ಣೆ ಕಲೆಯ ಮೇಲೆ ಪ್ರೈಮರ್

ಬಿಳಿಕೆರೆ,
೧೨ ಫೆಬ್ರವರಿ ೨೦೨೫, ಸಂಜೆ ಆರೂವರೆ

ಮಗಳು ಗೌತಮಿಗೆ, ಅಪ್ಪ ನೆನೆದುಕೊಂಡು ಬರೆಯುತ್ತಿದ್ದೇನೆ.

ಕಲ್ಪೆಟ್ಟದ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಬಿದ್ದರೆ ಊಟ ಬಿಡಬೇಡ. ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಾನು ಚೆನ್ನಾಗಿದ್ದೇನೆ, ಮಂಡಿ ನೋವು ಮಾತ್ರ ಹಾಗೇ ಇದೆ.

ನಿನ್ನ ತಮ್ಮ ರಘುವಿನ ಮದುವೆಗೆಂದು ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ. ಇವತ್ತೆಲ್ಲ ಪೇಂಟರ್ ಬೆಟ್ಟಸ್ವಾಮಿ ನಡುಮನೆಯ ಗೋಡೆಗೆ ಉಪ್ಪುಕಾಗದ ತಿಕ್ಕಿದ. ಪಾತ್ರೆ ಪಡಗವೆಲ್ಲ ಜಗಲಿಯಲ್ಲಿದೆ, ಕುಡಿಯುವ ನೀರಿನಲ್ಲೂ ಸುಣ್ಣದ ಪುಡಿ. ಬಾಗಿಲ ಪಕ್ಕದ ಆ ಜಾಗ ನಿನಗೆ ಗೊತ್ತಲ್ಲ, ನಿಮ್ಮಮ್ಮ ಗೋಡೆಗೆ ಒರಗಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವಳ ತಲೆಯ ಹರಳೆಣ್ಣೆ ಹತ್ತಿ ಅಲ್ಲೊಂದು ಕಲೆಯಾಗಿದೆ. ಅವಳು ಹೋದ ಮೇಲೆ ನಾನು ಊಟಕ್ಕೆ ಕೂರುವುದು ಅದರ ಎದುರಿಗೇ. ಎಷ್ಟು ತಿಕ್ಕಿದರೂ ಅದು ಹೋಗಲಿಲ್ಲ. ನನಗೆ ಒಳಗೊಳಗೇ ಸಮಾಧಾನ.

"ನಾಳೀಕೆ ಪ್ರೈಮರ್ ಹೊಡೀತೀನಿ ಬುಡಣ್ಣ" ಎಂದ ಬೆಟ್ಟಸ್ವಾಮಿ. ಬಣ್ಣಕ್ಕಿಂತ ಮುಂಚೆ ಬಳಿಯುವ ಬಿಳಿ ಪದರ ಎಂದಷ್ಟೇ ನನಗೆ ಗೊತ್ತಿತ್ತು. ಯಾತಕ್ಕೆ ಅದು ಎಂದು ಕೇಳಿದೆ. "ಗ್ವಾಡೆ ಬಣ್ಣ ಕುಡೀಬಾರ್ದು ಅಂತ ಕಣಣ್ಣ. ಎಣ್ಣೆ ಇರೋ ಕಡೀಕೆ ಬ್ಯಾರೆ ಪ್ರೈಮರ್ರೇ ತಂದಿವ್ನಿ. ಅದಿಲ್ದೆ ಎಷ್ಟ್ ಬಣ್ಣ ಬಳುದ್ರೂ ಕಲೆ ಮ್ಯಾಲಕ್ಕೆ ಬಂದ್ಬುಡ್ತದೆ." ಅದನ್ನು ಕೇಳಿದ್ದೇ ನನಗೊಂದು ಆಸೆ ಹುಟ್ಟಿತು. ಆ ಒಂದು ಕಡೆ ಪ್ರೈಮರ್ ಬೇಡ ಬಿಡಪ್ಪ, ಬರೀ ಬಣ್ಣ ಸಾಕು ಎಂದೆ. ಅವನು ನಕ್ಕುಬಿಟ್ಟ. "ನನ್ ಎಸ್ರು ಕೆಡಿಸ್ಬೇಕು ಅಂತಿದ್ದೀಯಾ? ಬೀಗ್ರು ಬಂದು ಯಾವನ್ಲಾ ಇದ ಬಳ್ದೋನು ಅಂದ್ರೆ?" ರಘು ಬೇರೆ, "ಇಷ್ಟಗಲ ಜಾಗಕ್ಕೂ ಜುಗ್ಗತನ ಮಾಡ್ತೀಯಲ್ಲಪ್ಪ" ಎಂದು ತಮಾಷೆ ಮಾಡಿದ. ಅಮ್ಮ ಹೋದ ಮೇಲೆ ಅವನು ಈಗ ತಾನೇ ಸ್ವಲ್ಪ ನಗುತ್ತಿದ್ದಾನೆ. ಅಮ್ಮನ ಮಾತು ತೆಗೆಯಲು ನನಗೆ ಬಾಯಿ ಬರಲಿಲ್ಲ. ಹೂಂ, ಪ್ರೈಮರ್ ಹೊಡಿ ಎಂದುಬಿಟ್ಟೆ.

ಚಪ್ಪರದ ಹೊತ್ತಿಗೆ ಇಬ್ಬರೂ ಬನ್ನಿ. ನಿಮ್ಮ ಸಂಸಾರ ತಣ್ಣಗಿರಲಿ.

ನಿನ್ನ ಅಪ್ಪ,
ಪುಟ್ಟಸ್ವಾಮಿ

ಇನ್ನೊಂದು ಮಾತು. ಮಧ್ಯಾಹ್ನ ನಾನು ಫೋನ್ ಮಾಡಿದ್ದು ಇದಕ್ಕೇ. ಆ ಕಲೆ ಉಳಿಸು ಎಂದು ರಘುವಿಗೆ ನೀನಾದರೂ ಹೇಳಮ್ಮ ಎನ್ನಬೇಕಿತ್ತು. ಅದು ಬಿಟ್ಟು ಏನು ಸಾರು ಎಂದು ಕೇಳಿ ಇಟ್ಟುಬಿಟ್ಟೆ. ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಗೋಡೆ ಒಣಗಿರುತ್ತದೆ. ನಾಳೆ ಎಂಟಕ್ಕೆ ಬೆಟ್ಟಸ್ವಾಮಿ ಬರುತ್ತಾನೆ, ಬಾಗಿಲ ಪಕ್ಕದಿಂದಲೇ ಶುರು ಮಾಡುತ್ತಾನಂತೆ.