ಬೆಂಚಿನ ಮೇಲೆ ಜಾಗ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ನರ್ಸಕ್ಕಾ,

ಹಾಸ್ಟೆಲಿನಲ್ಲಿ ಹೊಟ್ಟೆ ತುಂಬ ಉಣ್ಣುತ್ತಿದ್ದೀಯಲ್ಲ? ಇಂಜೆಕ್ಷನ್ ಕೊಡುವುದು ಕಲಿತಾಯಿತೇ? ಕಲಿತಿದ್ದರೂ ರಜೆಗೆ ಬಂದಾಗ ನನ್ನ ಹತ್ತಿರ ಸುಳಿಯಬೇಡ. ನಾನು ಶಾಲೆಯಲ್ಲಿ ಒಂದು ಘನಕಾರ್ಯ ಮಾಡಿದ್ದೇನೆ. ಅಮ್ಮನಿಗೆ ಗೊತ್ತಿಲ್ಲ, ನೀನೂ ಬಾಯಿ ಬಿಡಬೇಡ.

ನನ್ನ ಗೆಳತಿ ಏಣಿ ಗೊತ್ತಲ್ಲ? ಆರನೇ ತರಗತಿಯವರೆಗೂ ಅವಳೂ ನಾನೂ ಒಂದೇ ಎತ್ತರ. ಆಗ ಅವಳಿಗೆ ಆ ಹೆಸರೇ ಇರಲಿಲ್ಲ. ರಜೆ ಮುಗಿಸಿ ಏಳನೇ ತರಗತಿಗೆ ಬಂದರೆ, ಅವಳ ಮುಖ ನೋಡಲು ನಾನು ಕತ್ತೆತ್ತಬೇಕು! ರಜೆಯಲ್ಲೇ ದೊಡ್ಡವಳಾಗಿದ್ದಳು. ನಾನೋ ಇದ್ದಲ್ಲೇ ಇದ್ದೇನೆ. ತರಗತಿಯಲ್ಲಿ ನನ್ನ ಹೆಸರು ಸಾಸಿವೆ. ಆಟದ ಪೀರಿಯಡ್ಡಿನಲ್ಲಿ ಅವಳು ಹೊಟ್ಟೆನೋವು ಎಂದು ಬೆಳೆದ ಹುಡುಗಿಯರ ಜೊತೆ ಬೆಂಚಿನ ಮೇಲೆ ಕೂರುತ್ತಿದ್ದಳು. ಅಲ್ಲಿ ಒಂದೇ ಸಮನೆ ಗುಸುಗುಸು. ನಾನು ಹತ್ತಿರ ಹೋದರೆ ಎಲ್ಲರ ಬಾಯಿಗೂ ಬೀಗ. ಅಕ್ಕಾ, ಏಣಿ ನನ್ನ ಕೈತಪ್ಪಿ ಹೋದಳು ಎಂದು ಎಷ್ಟು ಸಂಕಟಪಟ್ಟೆ ಗೊತ್ತಾ?

ಅದಕ್ಕೇ ಒಂದು ದಿನ ನಾನೂ ಹೊಟ್ಟೆ ಹಿಡಿದುಕೊಂಡು, ಮುಖ ಕಿವುಚಿ, ನನಗೂ ಅದೇ ಆಗಿದೆ ಮಿಸ್ ಎಂದೆ. ಆಟದ ಮಿಸ್ ಪಾಪ, ತಲೆ ಸವರಿ ಕೂರಿಸಿದರು. ಆಹಾ, ಬೆಂಚಿನ ಸುಖವೇ! ಮುಂದಿನ ವಾರವೂ ಕೂತೆ. ಅದರ ಮುಂದಿನ ವಾರವೂ. ನಾಲ್ಕನೇ ವಾರ ಮಿಸ್ ಗಾಬರಿಯಾಗಿ, "ಏನಮ್ಮಾ ಸಾಸಿವೆ, ಇನ್ನೂ ನಿಂತಿಲ್ವಾ? ನಡಿ, ಡಾಕ್ಟ್ರ ಹತ್ರ ಹೋಗೋಣ" ಎಂದರು. ನನಗೇನು ಗೊತ್ತು? ಒಮ್ಮೆ ಶುರುವಾದರೆ ಪ್ರತಿ ಆಟದ ಪೀರಿಯಡ್ಡಿಗೂ ಬರುತ್ತದೆ ಎಂದುಕೊಂಡಿದ್ದೆ! ಏಣಿ ವಾರವಾರವೂ ಕೂರುತ್ತಿರಲಿಲ್ಲವೇ?

ನನ್ನ ಬಣ್ಣ ಬಯಲಾಯಿತು. ಮಿಸ್ ಬಿದ್ದು ಬಿದ್ದು ನಕ್ಕರು. ಆಮೇಲೆ ಏಣಿಯ ಕಡೆ ತಿರುಗಿ, "ಒಂದು ವಾರ ಹೊಟ್ಟೆನೋವು, ಒಂದು ವಾರ ತಲೆನೋವು, ಒಂದು ವಾರ ಕಾಲು ಉಳುಕು. ನಿನ್ ಕಥೆ ಏನಮ್ಮಾ?" ಎಂದರು. ಅವಳು ಅಳತೊಡಗಿದಳು. ಓಡಿದರೆ ಎಲ್ಲರೂ ತನ್ನ ಮೈಯನ್ನೇ ನೋಡುತ್ತಾರಂತೆ. ಸಾಸಿವೆಯ ಹಾಗೆ ಚಿಕ್ಕವಳಾಗಿದ್ದರೆ ಹಾಯಾಗಿ ಓಡುತ್ತಿದ್ದಳಂತೆ. ನನ್ನ ಹಾಗೆ! ನಾನಿಲ್ಲಿ ಅವಳ ಹಾಗಾಗಬೇಕು ಎಂದು ದಿನಾ ಕಂಬಿಗೆ ಜೋತುಬೀಳುತ್ತಿದ್ದೇನೆ!

ಎಲ್ಲರೂ ನನ್ನನ್ನೇ ನೋಡುವ ಹಾಗೆ ಮಾಡುತ್ತೇನೆ, ಬಾ ಎಂದು ಅವಳ ಕೈ ಹಿಡಿದೆಳೆದೆ. ಎರಡೂ ಕೈ ಪಟಪಟ ಬಡಿಯುತ್ತ, ಕೋಳಿಯ ಹಾಗೆ ಕೂಗುತ್ತ ಓಡಿದೆ. ಇಡೀ ಮೈದಾನವೇ ನನ್ನನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಏಣಿಯೂ ನಗುನಗುತ್ತಲೇ ನನ್ನನ್ನು ಹಿಂದೆ ಹಾಕಿ, ಗೋಡೆ ಮುಟ್ಟಿ, ತಿರುಗಿ ಬಂದು ನನ್ನನ್ನು ಎತ್ತಿಕೊಂಡೇ ಬಿಟ್ಟಳು. ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ. ಈಗ ಇಬ್ಬರೂ ಓಟದ ತಂಡದಲ್ಲಿದ್ದೇವೆ.

ದೊಡ್ಡವಳಾಗಲು ನನಗೀಗ ಒಂದಿಷ್ಟೂ ಅವಸರವಿಲ್ಲ ಅಕ್ಕಾ. ಆದಾಗ ಆಗಲಿ.

ನಿನ್ನ ಪ್ರೀತಿಯ ತಂಗಿ,
ಸಾಸಿವೆ

ತಾ.ಕ.: ನಿನಗೆ ಎಷ್ಟನೇ ತರಗತಿಯಲ್ಲಿ ಆಗಿದ್ದು? ಏಣಿ ಕೇಳು ಅಂದಳು. ಅಲ್ಲ, ನಾನೇ ಕೇಳುತ್ತಿದ್ದೇನೆ. ಒಂಬತ್ತನೇ ತರಗತಿ ಆಗಿದ್ದರೆ ಹಾಗೇ ಬರೆ. ಬೇಗ ಆಗಿದ್ದರೂ ಒಂಬತ್ತು ಎಂದೇ ಬರೆ.