ಹರ್ಷನ ಹವಳದ ತೊಟ್ಟಿ

ಹೂಡಿ
೧೪ ಜೂನ್ ೨೦೨೫, ಶನಿವಾರ

ಸತ್ಯವತಿ ಅಕ್ಕನವರಿಗೆ ನಿಮ್ಮ ಬೀಗತಿ ವನಜಾಳ ನಮಸ್ಕಾರ.

ಇವತ್ತು ಶನಿವಾರದ ಒಪ್ಪತ್ತು. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು, ದೇವರಿಗೆ ದೀಪ ಹಚ್ಚಿ, ಬಾಡಿಗೆಯವರಿಗೆ ನೀರಿನ ಮೋಟಾರು ಹಾಕಿ ಕೂತಿದ್ದೀನಿ. ನಿಮ್ಮ ಕಾಗದಕ್ಕೆ ಉತ್ತರ ತಡವಾಯ್ತು, ಬೇಜಾರು ಮಾಡ್ಕೋಬೇಡಿ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಮಗಳು ಪಕ್ಕದಲ್ಲೇ ಇರ್ತಾಳೆ.

ಅಮೂಲ್ಯಾಳನ್ನು ಜಿಗಣಿಗೆ ಕಳಿಸಿ, ಇನ್ನೊಂದು ಮದುವೆ ಮಾಡ್ತೀವಿ ಅಂತ ಬರೆದಿದ್ರಿ. ನಾನು ತಡೆದಿಲ್ಲ ಅಕ್ಕ. ಹೋಗು ಅಂದಾಗಲೆಲ್ಲ ಅವಳದ್ದು ಒಂದೇ ಮಾತು, ಹರ್ಷನ ಹವಳದ ತೊಟ್ಟಿ ಯಾರು ನೋಡ್ಕೋತಾರೆ ಅಂತ. ಮಗ ತೀರಿಕೊಂಡ ಮೇಲೆ ಆ ಗಾಜಿನ ತೊಟ್ಟಿಗೆ ಉಪ್ಪುನೀರು ಬೆರೆಸೋದು, ದೀಪ ಹಾಕೋದು ಎಲ್ಲಾ ಅವಳೇ.

ಅದಕ್ಕೇ ನಾನು ಕಲಿಯೋಕೆ ಕೂತೆ. ಹವಳ ಅಂದ್ರೆ ತಾಳಿಸರದ ಕೆಂಪು ಮಣಿ ಅಂತ ತಿಳಿದಿದ್ದವಳು ನಾನು. ಇವು ಜೀವ ಇರೋವು. ಅಣಬೆ ಹಾಗೆ ಅಗಲವಾಗಿರೋದು ಒಂದು, ಅಂಗಿ ಗುಂಡಿ ಒತ್ತೊತ್ತಾಗಿ ಹೊಲಿದ ಹಾಗಿರೋದು ಒಂದು, ತೊಗಲಿನಂತೆ ದಪ್ಪಗಿರೋದು ಇನ್ನೊಂದು. ಸಾಂಬ್ರಾಣಿ ಹೊಗೆ ಈಗ ಆ ಕೋಣೆಗೆ ಒಯ್ಯೋದಿಲ್ಲ. ಒಯ್ದ ದಿನ ಎಲ್ಲವೂ ಮುದುಡಿಕೊಂಡಿದ್ವು.

ಮೊನ್ನೆ ಮಹದೇವಪುರದ ಅಂಗಡಿಗೆ ಇಬ್ಬರೂ ಹೋದ್ವಿ. ಅಮೂಲ್ಯಾ ಹಸಿರು ಗುಂಡಿಯದೊಂದು ತುಂಡು ಆರಿಸಿದಳು. ಅದರ ಕಲ್ಲಿನ ಮಗ್ಗುಲಲ್ಲಿ ಕಂದು ಬಣ್ಣದ ಪುಟ್ಟ ಹೂವಿನಂಥದ್ದೊಂದಿತ್ತು. ಇದು ಕಳೆ, ಒಳಗೆ ಬಿಟ್ರೆ ತೊಟ್ಟಿಯೆಲ್ಲಾ ಹಬ್ಬಿ ಮಿಕ್ಕವನ್ನ ಕುಟುಕುತ್ತೆ, ಬೇಡ ಅಂದೆ. ಅಂಗಡಿಯ ರಾಜೇಂದ್ರ ಕನ್ನಡಕ ಏರಿಸಿ ನೋಡಿ, ಹೌದಕ್ಕ, ನಾಳೆಯಿಂದ ನೀವೇ ಗಲ್ಲಾಕ್ಕೆ ಬನ್ನಿ ಅಂತ ತಮಾಷೆ ಮಾಡಿದ. ಬುಡ ಚೊಕ್ಕಟವಾಗಿದ್ದ, ಚೆನ್ನಾಗಿ ಅರಳಿದ್ದ ಬೇರೆ ತುಂಡು ನಾನೇ ಆರಿಸಿದೆ.

ಆಟೋದಲ್ಲಿ ಅಮೂಲ್ಯಾ ಕೇಳಿದಳು: "ಅಮ್ಮಾ, ನನ್ನ ಕಳಿಸೋಕೆ ತಾನೇ ಇದೆಲ್ಲಾ ಕಲಿತಿದ್ದು?"

"ಹೂಂ ಕಣೇ" ಅಂದೆ.

ಮಾರನೇ ದಿನ ತಾನಾಗೇ ಹೋಗ್ತೀನಿ ಅಂದಳು.

ಆಷಾಢ ಹುಟ್ಟೋಕೆ ಮುಂಚೆ ಬಂದು ಕರ್ಕೊಂಡು ಹೋಗಿ. ಮಡಿಲು ತುಂಬಿಯೇ ಕಳಿಸ್ತೀನಿ. ಗಂಡ ಇಲ್ಲದವಳಿಗೆ ಮಡಿಲು ತುಂಬೋದುಂಟಾ ಅಂತ ನಮ್ಮತ್ತೆ ಮೂತಿ ತಿರುಗಿಸಿದ್ದಾರೆ, ತಿರುಗಿಸಿಕೊಳ್ಳಲಿ. ತಿಮ್ಮಪ್ಪ ಅವಳ ಬಾಳು ತಣ್ಣಗಿಡಲಿ.

ಇಂತಿ,
ವನಜಾ

ಮತ್ತೊಂದು ಮಾತು: ಕಳಿಸ್ತೀನಿ ಅಂತ ಬರೆದುಬಿಟ್ಟೆ. ನನ್ನನ್ನ ಅಮ್ಮಾ ಅನ್ನೋಕೆ ಈಗ ಅವಳೊಬ್ಬಳೇ ಇರೋದು. ಇನ್ನೊಂದು ಮನೆ ಸೇರಿದ ಮೇಲೂ ಹಾಗೇ ಕರೀಬಹುದಾ, ಆ ಮನೆಯವರು ತಪ್ಪು ತಿಳೀತಾರಾ? ನಿಜವೇನೋ ಅದನ್ನೇ ಬರೀರಿ. ಟಪಾಲಿಗೆ ಹಾಕಬೇಡಿ, ಅವಳ ಕೈಗೆ ಸಿಗುತ್ತೆ. ನಮ್ಮ ಬಾಡಿಗೆ ಮನೆಯ ಶ್ಯಾಮಣ್ಣ ಸೋಮವಾರ ಜಿಗಣಿ ಫ್ಯಾಕ್ಟರಿಗೆ ಬರ್ತಾನೆ. ನಿಮ್ಮ ಮನೆಗೆ ಬಂದು ಈ ಕಾಗದ ಕೊಟ್ಟು, ಉತ್ತರ ಇಸ್ಕೊಂಡು ಬಾ ಅಂತ ಹೇಳಿದ್ದೀನಿ, ಅವನ ಕೈಲೇ ಕೊಟ್ಟು ಕಳಿಸಿ.